ಟಿಎಲ್‌ಡಿ ಗುಳಿಗೆ, ಕ್ಯಾಲ್ಸಿಯಂ ಮತ್ತು ಗಂಡಸರ ಎಲುಬು

ಎಲುಬು ಸವೆಯುವುದು ಮುಟ್ಟು ನಿಂತ ಹೆಂಗಸರ ತೊಂದರೆ ಎಂದೇ ನಮ್ಮ ಕಾಸರಗೋಡಿನ ಕಡೆ ಹೆಚ್ಚಿನವರ ಎಣಿಕೆ. ಎಚ್‌ಐವಿ ಇರುವ ಗಂಡಸರ ವಿಷಯದಲ್ಲಿ ಅದು ತಪ್ಪು. ಮದ್ದು ತಪ್ಪಿಸದೆ ತಿಂದವರು ಈಗ ಅರುವತ್ತು, ಎಪ್ಪತ್ತು ದಾಟುತ್ತಾರೆ. ಆ ವಯಸ್ಸಿನಲ್ಲಿ ಮಳೆಗಾಲದ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಸೊಂಟ ಮುರಿದರೆ ಮತ್ತೆ ತೋಟಕ್ಕಿಳಿಯುವುದು ಕಷ್ಟ. ಸವೆತಕ್ಕೆ ನೋವಿಲ್ಲ, ಮುರಿದ ಮೇಲೆಯೇ ಗೊತ್ತಾಗುವುದು.

ವೈರಸ್ಸಿನಿಂದ ಒಳಗೆ ಉಳಿಯುವ ಉರಿಯೂತ ಎಲುಬು ಕರಗಿಸುವ ಕೋಶಗಳನ್ನು ಚುರುಕಾಗಿಸುತ್ತದೆ. ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮದ್ದು, ಶುರುಮಾಡಿದ ಮೊದಲ ಒಂದೆರಡು ವರ್ಷಗಳಲ್ಲಿ ಎಲುಬಿನ ಸಾಂದ್ರತೆ ಸುಮಾರು 2ರಿಂದ 6 ಶೇಕಡಾ ಇಳಿಯುತ್ತದೆ, ಆಮೇಲೆ ಹೆಚ್ಚುಕಡಿಮೆ ನಿಲ್ಲುತ್ತದೆ. ಕೇರಳದ ಸರಕಾರಿ ಎಆರ್‌ಟಿ ಕೇಂದ್ರವಾದ ಉಷಸ್‌ನಲ್ಲಿ ಸಿಗುವ ಟಿಎಲ್‌ಡಿ ಎಂಬ ಎಚ್‌ಐವಿ ಗುಳಿಗೆಯಲ್ಲಿ ಟೆನೊಫೊವಿರ್ ಡಿಸೊಪ್ರಾಕ್ಸಿಲ್ 300 ಮಿ.ಗ್ರಾಂ, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಇರುತ್ತವೆ. ಇದರಲ್ಲಿ ಎಲುಬಿನ ಮೇಲೆ ಹೆಚ್ಚು ಪರಿಣಾಮ ಮಾಡುವುದು ಟೆನೊಫೊವಿರ್. ಕೆಲವರಲ್ಲಿ ಅದು ಮೂತ್ರಪಿಂಡದ ಸಣ್ಣ ನಾಳಗಳನ್ನು ಕೆಡಿಸುತ್ತದೆ. ಫಾಸ್ಫೇಟ್ ಮೂತ್ರದಲ್ಲಿ ಸೋರಿಹೋಗಿ ಎಲುಬು ಗಟ್ಟಿಯಾಗುವುದೇ ಇಲ್ಲ. ತೊಡೆ, ಪಕ್ಕೆಲುಬುಗಳಲ್ಲಿ ನೋವು, ಕುಕ್ಕರಗಾಲಿನಿಂದ ಏಳಲು ಕೈ ಊರಬೇಕಾಗುವುದು ಇದರ ಲಕ್ಷಣ. ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಸಕ್ಕರೆ ಕಂಡರೆ ಈ ಸೋರಿಕೆಯನ್ನು ಸಂಶಯಿಸಬೇಕು. ಆಗ ಮೂತ್ರಪಿಂಡಕ್ಕೆಂದು ನೋಡುವ ಕ್ರಿಯಾಟಿನಿನ್ ಪರೀಕ್ಷೆ ಮಾತ್ರ ಸಾಲದು, ರಕ್ತದ ಫಾಸ್ಫೇಟನ್ನೂ ನೋಡಿಸಿ.

ಇದನ್ನೋದಿ ಗುಳಿಗೆ ನಿಲ್ಲಿಸಬೇಡಿ, ದಯವಿಟ್ಟು. ಮದ್ದು ಬಿಟ್ಟರೆ ವೈರಸ್ ಮತ್ತೆ ಏರುತ್ತದೆ. ಹೆಪಟೈಟಿಸ್ ಬಿ ಕೂಡ ಇರುವವರು ಟೆನೊಫೊವಿರ್ ಬಿಟ್ಟರೆ ಲಿವರಿನ ಉರಿಯೂತ ಉಲ್ಬಣಿಸಿ ಪ್ರಾಣಕ್ಕೇ ಕುತ್ತು ಬರಬಹುದು. ಟೆನೊಫೊವಿರ್ ಅಲಾಫೆನಮೈಡ್ ಎಂಬ ಇನ್ನೊಂದು ರೂಪ ಎಲುಬಿಗೂ ಮೂತ್ರಪಿಂಡಕ್ಕೂ ಹಗುರ, ಹೆಪಟೈಟಿಸ್ ಬಿಗೂ ಆಗುತ್ತದೆ. ಬದಲಾಯಿಸಬೇಕೇ ಎಂದು ಎಆರ್‌ಟಿ ವೈದ್ಯರೇ ಹೇಳಬೇಕು.

ಹೆಚ್ಚು ಎಡವಟ್ಟಾಗುವುದು ಕ್ಯಾಲ್ಸಿಯಂನಲ್ಲಿ. ಬೆನ್ನುನೋವೆಂದು ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ತಂದು, ರಾತ್ರಿ ಮಲಗುವ ಮುಂಚೆ ಟಿಎಲ್‌ಡಿ ಜೊತೆಗೇ ಖಾಲಿ ಹೊಟ್ಟೆಗೆ ನುಂಗುವವರಿದ್ದಾರೆ. ಕ್ಯಾಲ್ಸಿಯಂ ಡೊಲುಟೆಗ್ರಾವಿರನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ, ಮದ್ದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದಾದರೆ ಊಟದ ಜೊತೆಗೇ ಆಗಬೇಕು. ಇಲ್ಲವಾದರೆ ಟಿಎಲ್‌ಡಿ ತಿಂದು 2 ಗಂಟೆ ಕಳೆದ ಮೇಲೆ ಕ್ಯಾಲ್ಸಿಯಂ; ಕ್ಯಾಲ್ಸಿಯಂ ಮೊದಲು ತಿಂದಿದ್ದರೆ 6 ಗಂಟೆ ಬಿಟ್ಟು ಟಿಎಲ್‌ಡಿ. ಕಬ್ಬಿಣದ ಗುಳಿಗೆಗೂ ಇದೇ ಲೆಕ್ಕ. ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುವ ಗ್ಯಾಸಿನ ಮದ್ದಿಗೆ ಮಾತ್ರ ಊಟದ ವಿನಾಯಿತಿಯೂ ಇಲ್ಲ, ಮೇಲೆ ಹೇಳಿದಷ್ಟು ಗಂಟೆ ಬಿಡಲೇಬೇಕು. ಸುಲಭದ ದಾರಿ: ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ, ಟಿಎಲ್‌ಡಿ ರಾತ್ರಿಗೆ. ಮಲಯಾಳದ ಚೀಟಿ ಓದಲು ಬಾರದಿದ್ದರೆ ವೇಳೆಯನ್ನು ಡಬ್ಬಿಯ ಮೇಲೆ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ.

ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1000 ಮಿ.ಗ್ರಾಂ, ಗುಳಿಗೆಯದ್ದೂ ಸೇರಿ. ಕುಚ್ಚಲಕ್ಕಿ ಗಂಜಿಯಲ್ಲಿ ಅದು ತೀರ ಕಡಿಮೆ. 100 ಗ್ರಾಂ ರಾಗಿಯಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ 240 ಇರುತ್ತದೆ. ನುಗ್ಗೆ ಸೊಪ್ಪು ಒಳ್ಳೆಯದು. ನೆತ್ತೋಲಿಯಂಥ ಸಣ್ಣ ಮೀನು, ಬೂತಾಯಿ ಮುಳ್ಳು ಮೆತ್ತಗಾಗುವಂತೆ ಬೇಯಿಸಿ ಮುಳ್ಳಿನ ಸಮೇತ ತಿಂದರೆ ಇನ್ನೂ ಒಳ್ಳೆಯದು. ಮುಳ್ಳು ಬಿಸಾಡಿದರೆ ಕ್ಯಾಲ್ಸಿಯಂ ಕೂಡ ಹೋಯಿತು. ಒಂದೇ ಸಲಕ್ಕೆ 500 ಮಿ.ಗ್ರಾಂಗಿಂತ ಹೆಚ್ಚಿನ ಗುಳಿಗೆ ದೇಹಕ್ಕೆ ಸರಿಯಾಗಿ ಹಿಡಿಸುವುದಿಲ್ಲ.

ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ 60,000 ಯೂನಿಟ್ಟಿನ ಪುಡಿ ಬರೆದುಕೊಡುತ್ತಾರೆ. ಹಾಲಿನಲ್ಲಿ ಅಥವಾ ಊಟದ ಮೇಲೆ ತೆಗೆದುಕೊಳ್ಳಿ. ವಾರದ್ದನ್ನು ದಿನಾ ತಿಂದರೆ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಶುರುವಾಗುತ್ತದೆ, ಕಿಡ್ನಿಗೂ ಪೆಟ್ಟು.

ಬೀಡಿ, ದಿನನಿತ್ಯದ ಸಾರಾಯಿ ಎರಡೂ ಎಲುಬು ತಿನ್ನುತ್ತವೆ. ಸ್ಟಿರಾಯ್ಡ್ ಇನ್ನೂ ಬೇಗ. ರಿಟೊನಾವಿರ್ ಇರುವ ಎರಡನೇ ಹಂತದ ಮದ್ದಿನಲ್ಲಿರುವವರು ಮಂಡಿಗೆ ಟ್ರಯಾಮ್ಸಿನೊಲೊನ್ ಇಂಜೆಕ್ಷನ್ ಹಾಕಿಸಿದರೆ, ಮೂಗಿಗೆ ಫ್ಲುಟಿಕಾಸೊನ್ ಹೊಡೆದುಕೊಂಡರೆ ಆ ಸ್ಟಿರಾಯ್ಡ್ ದೇಹದಿಂದ ಬೇಗ ಹೊರಹೋಗದೆ ಶೇಖರವಾಗುತ್ತದೆ. ಎಲುಬಿನ ಡಾಕ್ಟರಿಗೆ ನಿಮ್ಮ ಕಾಯಿಲೆ ಹೇಳಲು ಸಂಕೋಚವೆನಿಸಿದರೆ, ತಿನ್ನುವ ಮದ್ದಿನ ಹೆಸರಾದರೂ ತೋರಿಸಿ. ಇದರಲ್ಲಿ ಮುಚ್ಚುಮರೆ ಬೇಡ.

50 ದಾಟಿದವರು, ನಿಂತಲ್ಲಿಂದ ಬಿದ್ದಷ್ಟಕ್ಕೇ ಎಲುಬು ಮುರಿದವರು, ಎತ್ತರ 4 ಸೆಂಟಿಮೀಟರ್ ಇಳಿದವರು ಡೆಕ್ಸಾ, ಅಂದರೆ ಎಲುಬಿನ ಸಾಂದ್ರತೆ ಅಳೆಯುವ ಸ್ಕ್ಯಾನ್, ಮಾಡಿಸಿ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ಕೊಡುವ ಅಂಕೆ ಸಾಲದು. ಬೇಕಾದದ್ದು ಸೊಂಟ ಮತ್ತು ಬೆನ್ನುಮೂಳೆಯ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವಕರ ಎಲುಬಿಗೆ ಹೋಲಿಸಿದ ಅಂಕೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ ಕೊಡುವುದುಂಟು. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಬರಿ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಚಹಾವನ್ನೂ ಕುಡಿಯಬಾರದು. ಮಲಗಿದರೆ ಅನ್ನನಾಳ ಸುಡುತ್ತದೆ. ಚಹಾ ಕುಡಿದರೆ ಮದ್ದು ದೇಹಕ್ಕೆ ಸೇರದು. ವಿಟಮಿನ್ ಡಿ ಕೊರತೆ ಮೊದಲೇ ತುಂಬಿರಬೇಕು.

ತೊಡೆಸಂದಿನ ನೋವು ಬೇರೆಯದೇ ಲೆಕ್ಕ. ನಡೆವಾಗ ಅಲ್ಲಿ ನೋವು, ಚಕ್ಕಳಮಕ್ಕಳ ಹಾಕಲಾಗದಿದ್ದರೆ ಸೊಂಟದ ಕೀಲಿನಲ್ಲಿ ತೊಡೆ ಎಲುಬಿನ ತಲೆಗೆ ರಕ್ತ ಹರಿಯುವುದು ನಿಂತಿರಬಹುದು. ಶುರುವಿನಲ್ಲಿ ಎಕ್ಸ್‌ರೇ ಸರಿಯಾಗಿಯೇ ಬರುತ್ತದೆ, ಎಂಆರ್‌ಐ ಕೇಳಿ.