ಕಥೆ ತಿರಸ್ಕಾರವಾದರೆ ನೀವೇನು ಮಾಡ್ತೀರಿ?

ಹೊಸದಾಗಿ ಬರೆಯಲು ಶುರು ಮಾಡಿದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದು. ‘ಪತ್ರಿಕೆಗೆ ಕಥೆ ಕಳಿಸಿದ್ದೆ, ತಗೊಳ್ಳಲಿಲ್ಲ. ಸಂಕಲನ ಮಾಡೋಣ ಅಂದ್ರೆ ಪ್ರಕಾಶಕರೂ ಬೇಡ ಅಂದ್ರು. ನಿಮಗೂ ಹೀಗಾಗುತ್ತಾ?’

ಆಗುತ್ತದೆ. ಈಗಲೂ ಆಗುತ್ತದೆ. ಬೇಜಾರೂ ಆಗುತ್ತದೆ. ಬೇಜಾರು ಮಾಡ್ಕೋಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ತಿಂಗಳುಗಟ್ಟಲೆ ತಿದ್ದಿ ಬರೆದದ್ದನ್ನು ಬೇಡ ಅಂದರೆ ನೋವಾಗದೆ ಇರುತ್ತದಾ?

ಆದರೆ ನಮ್ಮಲ್ಲಿ ಬೇಡ ಅಂತ ಬರೆದು ತಿಳಿಸುವವರೇ ಕಡಿಮೆ. ಮೊದಲು ಕಥೆಯ ಜೊತೆ ಸ್ವವಿಳಾಸ ಬರೆದು ಸ್ಟಾಂಪ್ ಹಚ್ಚಿದ ಲಕೋಟೆ ಇಡುತ್ತಿದ್ದರು. ಒಪ್ಪಿಗೆಯಾಗದಿದ್ದರೆ ‘ವಿಷಾದಪೂರ್ವಕವಾಗಿ ಹಿಂದಿರುಗಿಸುತ್ತಿದ್ದೇವೆ’ ಅನ್ನುವ ಚೀಟಿಯ ಜೊತೆ ಅದೇ ಲಕೋಟೆ ಮನೆಗೆ ಬರುತ್ತಿತ್ತು. ಕಹಿಯಾದರೂ ಅದು ಉತ್ತರ. ಈಗ ಇಮೇಲ್ ಹೋಗುತ್ತದೆ, ಆಮೇಲೆ ಏನೂ ಇಲ್ಲ. ಓದಿದರಾ, ಓದಲಿಲ್ವಾ, ಕಡತ ತೆರೆಯಿತಾ, ಒಂದೂ ಗೊತ್ತಾಗುವುದಿಲ್ಲ. ಸಾಪ್ತಾಹಿಕ ಪುರವಣಿಯಲ್ಲಿ ಪ್ರತಿ ಭಾನುವಾರ ಬೇರೆಯವರ ಕಥೆ ನೋಡುತ್ತಾ ಕಾಯುವುದು. ಹೊಸಬರನ್ನು ಜಾಸ್ತಿ ಕುಗ್ಗಿಸುವುದು ಈ ಕಾಯುವಿಕೆಯೇ ಅಂತ ನನಗೆ ಅನ್ನಿಸುತ್ತದೆ.

ಅದಕ್ಕೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಥೆಯ ಹೆಸರು, ಎಲ್ಲಿಗೆ ಕಳಿಸಿದೆ, ಯಾವತ್ತು, ಅಷ್ಟೇ ಅದರಲ್ಲಿರುವುದು. ಮೂರು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ಮೇಲ್: ‘ಈ ಕಥೆಯನ್ನು ಹಿಂಪಡೆಯುತ್ತಿದ್ದೇನೆ, ದಯವಿಟ್ಟು ಗಮನಿಸಿ.’ ಅವತ್ತೇ ಕಥೆ ಇನ್ನೊಂದು ಪತ್ರಿಕೆಗೆ ಹೋಗುತ್ತದೆ. ಒಂದೇ ಕಥೆಯನ್ನು ಏಕಕಾಲಕ್ಕೆ ನಾಲ್ಕು ಕಡೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಎರಡು ಕಡೆ ಅಚ್ಚಾಗಿಬಿಟ್ಟರೆ ಇಬ್ಬರು ಸಂಪಾದಕರ ನಂಬಿಕೆಯೂ ಹೋಯಿತು.

ಕಥೆ ಬೇಡವಾಗುವುದಕ್ಕೆ ಕಥೆಗೆ ಸಂಬಂಧವೇ ಇಲ್ಲದ ಕಾರಣಗಳು ಎಷ್ಟೋ ಇರುತ್ತವೆ. ಎರಡೂವರೆ ಸಾವಿರ ಪದ ಅಂತ ಕೇಳಿದ ಕಡೆ ಆರು ಸಾವಿರ ಪದ ಹೋಗಿರುತ್ತದೆ. ದೀಪಾವಳಿ ವಿಶೇಷಾಂಕದ ಕೆಲಸ ಹಬ್ಬಕ್ಕೆ ತಿಂಗಳುಗಳ ಮೊದಲೇ ಶುರುವಾಗಿರುತ್ತದೆ, ನಮ್ಮ ಹಬ್ಬದ ಕಥೆ ಹಬ್ಬದ ಹಿಂದಿನ ವಾರ ತಲುಪಿರುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಮೇಜಿನ ಮೇಲೆ ರಾಶಿ ಕಥೆ ಇರುವ ಉಪಸಂಪಾದಕರು ಅದನ್ನು ಸರಿ ಮಾಡಿಕೊಂಡು ಓದಲಿ ಅಂತ ಬಯಸುವುದು ಕಷ್ಟ. ಯಾವ ಕಂಪ್ಯೂಟರಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲೇ ಕಳಿಸಿ.

ಇನ್ನು ಸಿಟ್ಟಿನಲ್ಲಿ ಕಥೆಯನ್ನು ಫೇಸ್‌ಬುಕ್‌ಗೆ ಹಾಕಿಬಿಡುವುದು. ಇದನ್ನು ಮಾತ್ರ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಎಷ್ಟೋ ಸ್ಪರ್ಧೆಗಳ ನಿಯಮದಲ್ಲಿ ಜಾಲತಾಣದಲ್ಲಿ ಬಂದದ್ದೂ ಪ್ರಕಟವಾದ ಲೆಕ್ಕವೇ. ಒಂದು ಕಡೆ ಬೇಡ ಅಂದಿದ್ದಕ್ಕೆ ಉಳಿದ ಬಾಗಿಲುಗಳನ್ನು ನಾವೇ ಮುಚ್ಚಿದ ಹಾಗಾಗುತ್ತದೆ.

ಕಾರಣ ಹೇಳಿ ಬೇಡ ಅನ್ನುವವರು ಅಪರೂಪ. ಸಿಕ್ಕರೆ ಬಿಡಬೇಡಿ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವ ಕಥೆಯೊಂದನ್ನು ಕಳಿಸಿದ್ದೆ. ಹಿರಿಯ ಉಪಸಂಪಾದಕರೊಬ್ಬರು ಫೋನ್ ಮಾಡಿದರು. ‘ನೋಡಿ, ಇದನ್ನ ಹಾಕೋಕಾಗಲ್ಲ. ಮೂರು ಜನ ಗಂಡುಮಕ್ಕಳು ಇಡೀ ಕಥೆ ಮಾತಾಡ್ತಾರೆ. ಅವರ ತಾಯಿ ಅಲ್ಲೇ ಕೂತಿದ್ದಾಳೆ. ಅವಳೇನಂತಾಳೆ?’ ಅಷ್ಟು ಹೇಳಿ ಇಟ್ಟುಬಿಟ್ಟರು. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತಾಯಿಗೆ ಮಾತು ಕೊಟ್ಟೆ. ಪಾತ್ರೆ ಎಣಿಸುವಾಗ ಅವಳು ‘ಆ ಹಿತ್ತಾಳೆ ಕೊಳಗ ನಂದು, ನನ್ನ ತವರಿಂದು, ಅದು ಪಾಲಿಗಿಲ್ಲ’ ಅಂದಳು. ಕಥೆ ಅಲ್ಲಿಂದ ಬೇರೆಯೇ ಆಯಿತು. ಬೇರೊಂದು ಪತ್ರಿಕೆಯಲ್ಲಿ ಬಂತು. ಆ ಹಿರಿಯರ ಋಣ ನನ್ನ ಮೇಲಿದೆ.

ಪ್ರಕಾಶಕರ ವಿಷಯ ಬೇರೆ. ಕನ್ನಡದಲ್ಲಿ ಲೇಖಕರಿಗೂ ಪ್ರಕಾಶಕರಿಗೂ ನಡುವೆ ಏಜೆಂಟರ ಪದ್ಧತಿ ಬೆಳೆದಿಲ್ಲ. ನಾವೇ ಹಸ್ತಪ್ರತಿ ಹಿಡಿದು ಹೋಗುತ್ತೇವೆ, ನೇರವಾಗಿ ನಮಗೇ ಬೇಡ ಅನ್ನುತ್ತಾರೆ. ಅದಕ್ಕೇ ಚುಚ್ಚುವುದೂ ಜಾಸ್ತಿ. ಆದರೆ ಅವರ ಲೆಕ್ಕವನ್ನೂ ನೋಡಬೇಕು, ಅಲ್ವಾ? ಹೊಸಬರ ಸಂಕಲನವನ್ನು ಐನೂರೋ ಸಾವಿರವೋ ಪ್ರತಿ ಹಾಕಿಸಿದರೆ ಅದು ಖಾಲಿಯಾಗಲು ವರ್ಷಗಳು ಬೇಕು. ಸರ್ಕಾರದ ಗ್ರಂಥಾಲಯ ಖರೀದಿಯನ್ನು ನಂಬಿಕೊಂಡರೆ ದುಡ್ಡು ಯಾವಾಗ ಕೈಗೆ ಬರುತ್ತದೋ ಹೇಳಲಾಗದು. ಕವನ ಸಂಕಲನ ಅಂದ ಕೂಡಲೇ ಹಾಳೆ ತಿರುಗಿಸದೆ ಬೇಡ ಅನ್ನುವವರಿದ್ದಾರೆ. ಅದು ನಿಮ್ಮ ಕವಿತೆಯ ಬಗ್ಗೆ ಹೇಳಿದ ಮಾತಲ್ಲ, ಅವರಿನ್ನೂ ಅದನ್ನು ಓದಿಯೇ ಇಲ್ಲ.

‘ಹಾಗಾದ್ರೆ ನಾನೇ ಅಚ್ಚು ಹಾಕಿಸ್ಲಾ?’ ಅಂತಲೂ ಕೇಳುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕನ್ನಡದ ಮೊದಮೊದಲ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಆದರೆ ಬೇಡ ಅನ್ನಿಸಿಕೊಂಡ ವಾರದಲ್ಲೇ ದುಡ್ಡು ಕೊಟ್ಟುಬಿಡಬೇಡಿ. ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಕರಡು ತಿದ್ದುವುದು, ಮುಖಪುಟ, ಮುದ್ರಣ, ಎಲ್ಲಕ್ಕೂ ಬೇರೆ ಬೇರೆ ಕೇಳಿ ಬರೆದುಕೊಳ್ಳಿ. ಬಂದ ಪ್ರತಿಗಳನ್ನು ಅಂಗಡಿಗೆ ಮುಟ್ಟಿಸುವವರು ಯಾರು ಅಂತ ಕೇಳಿ. ಇದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಕಟ್ಟುಗಳು ನಿಮ್ಮ ಮಂಚದ ಕೆಳಗೇ ಇರುತ್ತವೆ.

ಅದಕ್ಕೂ ಮೊದಲು ಬೇರೆ ದಾರಿಗಳಿವೆ. ಸರ್ಕಾರದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಛಂದ ಪುಸ್ತಕ ಅನ್ನುವ ಪ್ರಕಾಶನದವರು ಹೊಸ ಕಥೆಗಾರರಿಗಾಗಿಯೇ ಹಸ್ತಪ್ರತಿ ಸ್ಪರ್ಧೆ ನಡೆಸಿ, ಗೆದ್ದ ಸಂಕಲನಗಳನ್ನು ಪ್ರಕಟಿಸಿದ್ದಾರೆ. ಇಂಥ ಕಡೆಗಳಿಗೆ ಕಳಿಸುವ ಮೊದಲು ನಿಯಮಗಳನ್ನು ಪೂರ್ತಿ ಓದಿ. ವಯಸ್ಸಿನ ಮಿತಿ, ಪುಟದ ಮಿತಿ, ಸ್ವಂತ ರಚನೆ ಅನ್ನುವ ದೃಢೀಕರಣ ಪತ್ರ, ಇವುಗಳಲ್ಲಿ ಒಂದು ತಪ್ಪಿದರೂ ಹಸ್ತಪ್ರತಿ ತೀರ್ಪುಗಾರರ ಕೈಗೇ ಹೋಗುವುದಿಲ್ಲ.