ಸ್ಪೈನಲ್ ಟ್ರೇ ಹತ್ತಿರ ಬರಬಾರದ ಆಂಪ್ಯೂಲ್

ಸ್ಪೈನಲ್ (ಸೊಂಟದ ಕೆಳಗೆ ಮರಗಟ್ಟಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್) ಕೊಡುವ ಡಾಕ್ಟರ್ ಸ್ಟೆರೈಲ್ ಗ್ಲೌಸ್ ಹಾಕಿರುತ್ತಾರೆ, ಔಷಧಿಯ ಆಂಪ್ಯೂಲ್, ಅಂದರೆ ಪುಟ್ಟ ಗಾಜಿನ ಸೀಸೆ, ಮುಟ್ಟುವಂತಿಲ್ಲ. ಅದನ್ನು ಆರಿಸಿ, ಕತ್ತು ಮುರಿದು, ಓರೆ ಮಾಡಿ ಹಿಡಿಯುವವರು ನರ್ಸ್ ಅಥವಾ ಆಪರೇಷನ್ ಥಿಯೇಟರಿನ (ಓಟಿ) ಟೆಕ್ನಿಷಿಯನ್. ತಪ್ಪು ನುಸುಳುವ ಜಾಗವೂ ಅದೇ.

ಸ್ಪೈನಲ್‌ಗೆ ಬಳಸುವ ಮರಗಟ್ಟಿಸುವ ಔಷಧಿ ಹೆವಿ ಬುಪಿವಕೇನ್ 0.5% ನಮ್ಮಲ್ಲಿ ಸಾಮಾನ್ಯವಾಗಿ 4 ಮಿ.ಲೀ. ಗಾಜಿನ ಆಂಪ್ಯೂಲಿನಲ್ಲಿ ಬರುತ್ತದೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ 5 ಮಿ.ಲೀ., ಅದರಲ್ಲಿ 500 ಮಿ.ಗ್ರಾಂ. ಎರಡೂ ನೀರಿನಂತೆ ತಿಳಿ. ಹೆರಿಗೆಯ ನಂತರದ ರಕ್ತಸ್ರಾವಕ್ಕೆ 3 ಗಂಟೆಯೊಳಗೆ ಇದನ್ನು 1 ಗ್ರಾಂ ರಕ್ತನಾಳಕ್ಕೆ (ಐವಿ) ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹೇಳಿತು. ತಾಯಂದಿರನ್ನು ಉಳಿಸುವ ಔಷಧಿ, ಹೆರಿಗೆ ಓಟಿಯಲ್ಲಿ ಇರಲೇಬೇಕು. ಆದರೆ ಅದೇ ಔಷಧಿ ಬೆನ್ನಿಗೆ ಹೋದವರಲ್ಲಿ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. 2022ರಲ್ಲಿ ಅದೇ ಸಂಸ್ಥೆ ಈ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು.

ಬೆನ್ನುಹುರಿಯಲ್ಲಿ ನರಗಳಿಗೆ ಲಗಾಮು ಹಾಕುವುದು ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳು. ಟ್ರಾನೆಕ್ಸಾಮಿಕ್ ಆಸಿಡ್ ಆ ಲಗಾಮನ್ನೇ ಬಿಚ್ಚಿಬಿಡುತ್ತದೆ. ಬುಪಿವಕೇನ್ ಎಂದುಕೊಂಡು 2 ಮಿ.ಲೀ. ಎಳೆದರೆ ಒಳಗೆ ಹೋಗುವುದು 200 ಮಿ.ಗ್ರಾಂ.

ಸರಿಯಾದ ಔಷಧಿ ಹೋದರೆ ಒಂದೆರಡು ನಿಮಿಷದಲ್ಲಿ ಪಾದ ಬೆಚ್ಚಗಾಗಿ ಕಾಲು ಭಾರವಾಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಸೊಂಟ, ಪೃಷ್ಠ, ಕಾಲುಗಳಲ್ಲಿ ತಡೆಯಲಾಗದ ಉರಿನೋವು ಶುರುವಾಗುತ್ತದೆ. ಕಾಲಿನ ಸ್ನಾಯು ಅದುರುತ್ತದೆ, ನಾಡಿ ಮತ್ತು ಬಿಪಿ ಏರುತ್ತವೆ. ಆಮೇಲೆ ಇಡೀ ಮೈಗೆ ಫಿಟ್ಸ್, ಹೃದಯದ ಲಯ ತಪ್ಪುವುದು. ‘ಸ್ಪೈನಲ್ ಹತ್ತಲಿಲ್ಲ, ಇನ್ನೊಮ್ಮೆ ಕೊಡೋಣ’ ಎನ್ನುವ ಮೊದಲು ಒಡೆದ ಆಂಪ್ಯೂಲ್ ಎತ್ತಿ ಓದಿ. ರೋಗಿ ನೋವು ಎಂದರೆ ಅದನ್ನು ಭಯ ಎಂದು ತಳ್ಳಿಹಾಕಬೇಡಿ.

ತಪ್ಪು ಗೊತ್ತಾದ ಕ್ಷಣ ಗಟ್ಟಿಯಾಗಿ ಹೇಳಿ. ಮುಚ್ಚಿಟ್ಟ ಪ್ರತಿ ನಿಮಿಷವೂ ರೋಗಿಯ ನಷ್ಟ. ಹೆಚ್ಚಿನ ಸಹಾಯ, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್, ಉಸಿರಿಗೆ ಟ್ಯೂಬ್ ಹಾಕುವ ಸಾಮಾನು ಬೇಕು. ಫಿಟ್ಸ್ ಹತೋಟಿಗೆ ಮಿಡಜೋಲಾಮ್, ಪ್ರೊಪೊಫಾಲ್, ಮೆಗ್ನೀಸಿಯಂ ಕೈಗೆಟಕುವಂತಿರಲಿ. ಉಸಿರಿನ ಮೂಲಕ ಕೊಡುವ ಅನಸ್ತೇಷಿಯಾ ಔಷಧಿಗಳಾದ ಸೆವೊಫ್ಲುರೇನ್, ಐಸೊಫ್ಲುರೇನ್ ಆ ಬಿಟ್ಟುಹೋದ ಲಗಾಮನ್ನು ಮತ್ತೆ ಬಿಗಿಯಲು ನೆರವಾಗುತ್ತವೆ. ಬೆನ್ನುಹುರಿಯ ಸುತ್ತಲಿನ ದ್ರವ ತೆಗೆದು ಅಷ್ಟೇ ಸಲೈನ್ ಸೇರಿಸಿ ತೊಳೆಯುವುದನ್ನೂ ಡಾಕ್ಟರ್ ಯೋಚಿಸಬಹುದು.

ಇದೆಲ್ಲ ಬರದಂತೆ ತಡೆಯುವುದೇ ಸುಲಭ. ಟ್ರಾನೆಕ್ಸಾಮಿಕ್ ಆಸಿಡ್ ಅನಸ್ತೇಷಿಯಾ ಟ್ರಾಲಿಯಲ್ಲಿ ಬೇಡವೇ ಬೇಡ. ಪಿಪಿಎಚ್ (ಹೆರಿಗೆಯ ನಂತರದ ರಕ್ತಸ್ರಾವ) ಕಿಟ್‌ನಲ್ಲಿ, ಬೇರೆ ಜಾಗದಲ್ಲಿರಲಿ. ಆಂಪ್ಯೂಲುಗಳನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೇಲಿನಿಂದ ತಲೆ ಮಾತ್ರ ಕಾಣುತ್ತದೆ, ಲೇಬಲ್ ಕಾಣುವುದಿಲ್ಲ. ಮಲಗಿಸಿ, ಹೆಸರು ಮೇಲೆ ಬರುವಂತೆ ಇಡಿ. ಗಾಜಿನ ಬಣ್ಣ, ಆಕಾರ ನಂಬಬೇಡಿ, ಔಷಧಿ ತರಿಸುವ ಇಂಡೆಂಟಿನಲ್ಲಿ ಕಂಪನಿ ಬದಲಾದರೆ ಅವೂ ಬದಲಾಗುತ್ತವೆ. ಮುರಿಯುವ ಮೊದಲು ಲೇಬಲನ್ನು ಡಾಕ್ಟರ ಕಣ್ಣೆದುರು ಹಿಡಿದು ಹೆಸರು, ಶೇಕಡಾ ಪ್ರಮಾಣ, ಅವಧಿ ಮುಗಿಯುವ ದಿನ ಜೋರಾಗಿ ಓದಿ, ಅವರೂ ಓದಲಿ. ರಾತ್ರಿ ಎರಡು ಗಂಟೆಯ ಎಮರ್ಜೆನ್ಸಿಯಲ್ಲೂ ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ಖಾಲಿ ಆಂಪ್ಯೂಲನ್ನು ಕೂಡಲೇ ಸೂಜಿ, ಒಡೆದ ಗಾಜು ಹಾಕುವ ಶಾರ್ಪ್ಸ್ ಡಬ್ಬಿಗೆ ಹಾಕದೆ, ಆಪರೇಷನ್ ಮುಗಿಯುವವರೆಗೆ ಪ್ರತ್ಯೇಕ ಕಿಡ್ನಿ ಟ್ರೇಯಲ್ಲಿ ಇಟ್ಟಿರಿ.