ಬಾಣದ ಗುರುತನ್ನು ‘ಅಂದ್ರೆ’ ಅಂತ ಓದುವುದು: ನನ್ನ ಕ್ಯಾಟ್ ತಯಾರಿಯ ಏಳು ವಾರ

ವಾರ 1

ಮೊದಲ ಮಾಕ್ ಟೆಸ್ಟ್ ಬರೆದೆ. ಇಂಗ್ಲಿಷ್ ವಿಭಾಗ ಪರವಾಗಿಲ್ಲ, ಗಣಿತ ಹಾಗೂ ಹೀಗೂ ಆಯಿತು. ಮುಳುಗಿಸಿದ್ದು ಲಾಜಿಕ್.

ಕ್ಯಾಟ್ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಐಐಎಂನಂಥ ಕಡೆ ಎಂಬಿಎ ಸೇರಲು ಬರೆಯುವ ಪ್ರವೇಶ ಪರೀಕ್ಷೆ ಇದು. ಮೂರು ವಿಭಾಗ, ಒಂದೊಂದಕ್ಕೂ 40 ನಿಮಿಷ. ಒಂದು ಬೇಗ ಮುಗಿಯಿತು ಅಂತ ಇನ್ನೊಂದಕ್ಕೆ ಹಾರುವ ಹಾಗಿಲ್ಲ. 2024ರಲ್ಲಿ ಲಾಜಿಕ್ ಮತ್ತು ಡೇಟಾ ವಿಭಾಗಕ್ಕೆ 22 ಪ್ರಶ್ನೆ ಇದ್ದವು, ಐದು ಸೆಟ್‌ಗಳಲ್ಲಿ. ಸರಿಯಾದರೆ 3 ಅಂಕ. ಆಯ್ಕೆ ಕೊಟ್ಟಿರುವ ಪ್ರಶ್ನೆ ತಪ್ಪಾದರೆ 1 ಹೋಗುತ್ತದೆ.

ಸೆಟ್ ಅಂದರೆ ಒಂದೇ ಕಥೆಯ ಮೇಲೆ ನಾಲ್ಕೈದು ಪ್ರಶ್ನೆ. ‘ಇಂಥವರು ಬಂದರೆ ಅಂಥವರು ಬರಬೇಕು, ಇವರು ಬರುವುದು ಅವರು ಬಂದರೆ ಮಾತ್ರ’ ಅನ್ನುವ ಥರದ ನಿಯಮಗಳು. ನಾನು ಒಂದು ‘ಓನ್ಲಿ ಇಫ್’ ಅನ್ನು ಉಲ್ಟಾ ಓದಿದ್ದೆ. ಆ ಸೆಟ್‌ನ ನಾಲ್ಕೂ ಪ್ರಶ್ನೆ ತಪ್ಪು. 12 ಬರಬೇಕಿದ್ದ ಕಡೆ ಮೈನಸ್ 4. ಒಂದು ಪದಕ್ಕೆ 16 ಅಂಕ!

ವಾರ 2

ಕೋಚಿಂಗ್ ಸೆಂಟರಿನಲ್ಲಿ ಒಂದು ಹಾಳೆ ಕೊಟ್ಟಿದ್ದರು. ಎಡಗಡೆ ಇಂಗ್ಲಿಷ್ ಪದಗಳು, ಬಲಗಡೆ ಬಾಣಗಳು (‘ಅ → ಆ’ ಅಂತಿದ್ದರೆ ‘ಅ ಆದರೆ ಆ’ ಅಂತ). ‘ಬಾಯಿಪಾಠ ಮಾಡಿ’ ಅಂದರು. ಮಾಡಿದೆ. ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಬಲ್ಲೆ. ಆದರೆ ಟೈಮರ್ ಓಡುತ್ತಿರುವಾಗ ಬಾಣ ಯಾವ ಕಡೆ ಅನ್ನುವುದು ತಲೆಯಿಂದ ಹಾರಿ ಹೋಗುತ್ತದೆ.

ಅದಕ್ಕೆ ತಪ್ಪುಗಳ ಪುಸ್ತಕ ಶುರು ಮಾಡಿದೆ. 100 ಪುಟದ ಲಾಂಗ್ ನೋಟ್‌ಬುಕ್. ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು: ಯಾವ ಪದ ಕೈಕೊಟ್ಟಿತು, ನಾನು ಏನು ಅಂದುಕೊಂಡೆ, ನಿಜವಾಗಿ ಏನು. ವಾರದ ಕೊನೆಗೆ ಲೆಕ್ಕ ಹಾಕಿದರೆ ಬರೀ ‘ಇಫ್’ ಇರುವ ಕಡೆ ತಪ್ಪು ಕಡಿಮೆ. ‘ಓನ್ಲಿ ಇಫ್’ ಮತ್ತು ‘ಅನ್‌ಲೆಸ್’ ಇರುವ ಕಡೆ ಪುಟ ಪೂರ್ತಿ ಕೆಂಪು.

ಇನ್ನೊಂದು ಜಾತಿಯ ತಪ್ಪೂ ಇತ್ತು. ‘ಅ ಆದರೆ ಆ’ ಅಂತ ಕೊಟ್ಟಿದ್ದರೆ, ಆ ಆಗಿದೆ, ಹಾಗಾಗಿ ಅ ಕೂಡ ಆಗಿದೆ ಅಂತ ಟಿಕ್ ಹಾಕಿಬಿಡುವುದು. ಇದರಲ್ಲಿ ನನ್ನದೊಬ್ಬಳದೇ ತಪ್ಪಿಲ್ಲ, ನಾವು ಮಾತಾಡುವುದೇ ಹಾಗೆ. ಪಿಯುಸಿಯಲ್ಲಿ ಅಪ್ಪ, ‘ಡಿಸ್ಟಿಂಕ್ಷನ್ ಬಂದ್ರೆ ಸ್ಕೂಟರ್ ಕೊಡಿಸ್ತೀನಿ’ ಅಂದಿದ್ದರು. ಬರಲಿಲ್ಲ, ಕೊಡಿಸಲಿಲ್ಲ. ನಾನೂ ಕೇಳಲಿಲ್ಲ. ಲಾಜಿಕ್ ಪ್ರಕಾರ ಅಪ್ಪ ಬರದಿದ್ದರೆ ಏನು ಅಂತ ಹೇಳೇ ಇರಲಿಲ್ಲ, ಅಲ್ವಾ? ಡಿಸ್ಟಿಂಕ್ಷನ್ ಬರದೆಯೂ ಸ್ಕೂಟರ್ ಕೊಡಿಸಿದ್ದರೆ ಅವರ ಮಾತೇನೂ ಸುಳ್ಳಾಗುತ್ತಿರಲಿಲ್ಲ. ಎಂಟು ವರ್ಷ ತಡವಾಗಿ ಹೊಳೆಯಿತು.

ವಾರ 3

ಹಬ್ಬಕ್ಕೆ ಹಾಸನಕ್ಕೆ ಹೋಗಿದ್ದೆ. ಪುಸ್ತಕ ಒಯ್ದಿದ್ದೆ, ತೆರೆಯಲಿಲ್ಲ. ಆದರೂ ಈ ಏಳು ವಾರದಲ್ಲಿ ಜಾಸ್ತಿ ಕಲಿತದ್ದು ಆ ಎರಡು ದಿನದಲ್ಲೇ.

ಪೀಟರ್ ವೇಸನ್ ಅಂತ ಒಬ್ಬ ಬ್ರಿಟಿಷ್ ಮನೋವಿಜ್ಞಾನಿ 1966ರಲ್ಲಿ ಒಂದು ಇಸ್ಪೀಟ್ ಎಲೆ ಥರದ ಒಗಟು ಮಾಡಿದ್ದರು. ಅದನ್ನು ಕನ್ನಡಕ್ಕೆ ಒಗ್ಗಿಸಿಕೊಂಡೆ. ಹಳೇ ಮದುವೆ ಕಾರ್ಡಿನಿಂದ ನಾಲ್ಕು ಚೂರು ಕತ್ತರಿಸಿ ಊಟದ ಮೇಜಿನ ಮೇಲೆ ಇಟ್ಟೆ. ಮೇಲೆ ಕಾಣುವುದು: ಅ, ಕ, 4, 7. ಪ್ರತಿ ಚೂರಿಗೂ ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಅಂಕಿ. ನಿಯಮ: ಒಂದು ಕಡೆ ಸ್ವರ ಇದ್ದರೆ ಇನ್ನೊಂದು ಕಡೆ ಸರಿಸಂಖ್ಯೆ ಇರಬೇಕು. ನಿಯಮ ಮುರಿದಿದೆಯೋ ಇಲ್ಲವೋ ನೋಡಲು ಯಾವ ಯಾವ ಚೂರು ತಿರುಗಿಸಬೇಕು?

ಅಮ್ಮ ಅ ಮತ್ತು 4 ಅಂದರು. ಅಕ್ಕನೂ ಅದೇ. ಭಾವ ‘ನಾಲ್ಕೂ ತಿರುಗಿಸಿ ನೋಡಿದ್ರೆ ಆಯ್ತಪ್ಪ’ ಅಂದರು. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, ‘ಇದೆಲ್ಲ ನಂಗೆ ಬರಾಕಿಲ್ಲ ಪುಟ್ಟಿ’ ಅಂತ ಎದ್ದರು. ಸರಿ ಉತ್ತರ ಅ ಮತ್ತು 7. 4ರ ಹಿಂದೆ ಸ್ವರ ಇದ್ದರೂ ಸರಿ, ವ್ಯಂಜನ ಇದ್ದರೂ ಸರಿ. ಅದನ್ನು ತಿರುಗಿಸಿ ಏನೂ ಗೊತ್ತಾಗುವುದಿಲ್ಲ. 7ರ ಹಿಂದೆ ಸ್ವರ ಸಿಕ್ಕಿದರೆ ಮಾತ್ರ ಕಳ್ಳ ಸಿಕ್ಕಿದ ಹಾಗೆ. ವೇಸನ್ ಕೇಳಿದವರಲ್ಲೂ ಬಹುಪಾಲು ಜನ ನಮ್ಮ ಅಮ್ಮನ ಹಾಗೆಯೇ ಎಡವಿದ್ದರು.

ಇದೇ ಒಗಟನ್ನು 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಎಂಬ ಇಬ್ಬರು ಬಿಯರ್ ಮತ್ತು ವಯಸ್ಸಿನ ನಿಯಮವಾಗಿ ಕೇಳಿದಾಗ ಹೆಚ್ಚಿನವರು ಸರಿ ಹೇಳಿದ್ದರಂತೆ. ನಮ್ಮ ಮನೆಯಲ್ಲಿ ಬಿಯರ್ ನಡೆಯುವುದಿಲ್ಲ. ಬಸ್ಸು ನಡೆಯುತ್ತದೆ. ಅಪ್ಪ ಕೆಎಸ್ಸಾರ್ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗ ಇನ್ನೂ ಡ್ಯೂಟಿಯಲ್ಲಿದ್ದರು. ಇನ್ನು ನಾಲ್ಕು ಚೂರು ಬರೆದೆ: ಜೀರೋ ಟಿಕೆಟ್, ದುಡ್ಡಿನ ಟಿಕೆಟ್, ಗಂಡಸು, ಹೆಂಗಸು. ಒಂದು ಕಡೆ ಪ್ರಯಾಣಿಕರು, ಇನ್ನೊಂದು ಕಡೆ ಅವರ ಕೈಲಿರುವ ಟಿಕೆಟ್. ನಿಯಮ: ಜೀರೋ ಟಿಕೆಟ್ ಇದ್ದರೆ ಹೆಂಗಸಾಗಿರಬೇಕು. (ಲಿಂಗತ್ವ ಅಲ್ಪಸಂಖ್ಯಾತರಿಗೂ ಈ ಸೌಲಭ್ಯ ಇದೆ. ಆಟಕ್ಕೆ ಸುಲಭವಾಗಲಿ ಅಂತ ಬಿಟ್ಟೆ.)

ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತೇ ಹೇಳಿದರು. ‘ಜೀರೋ ಟಿಕೆಟ್ ಹಿಡ್ಕಂಡಿರೋದು ಯಾರು ಅಂತ ನೋಡ್ಬೇಕು. ಈ ಗಂಡಸಿನ ಕೈಲಿ ಏನೈತೆ ಅಂತ ನೋಡ್ಬೇಕು. ಇನ್ನೆರಡು ಬಿಡು.’

‘ಹೆಂಗಸಿನ ಟಿಕೆಟ್ ನೋಡೋದು ಬೇಡ್ವಾ?’ ಅಂದೆ.

‘ಯಾಕೆ? ಆಧಾರ್ ಮರೆತು ಬಂದು ದುಡ್ಡು ಕೊಟ್ಟು ತಗೊಂಡವರು ಎಷ್ಟು ಜನ. ಅದೇನು ತಪ್ಪಾ? ಕೈಲಿ ಜೀರೋ ಟಿಕೆಟ್ ಐತೆ ಅಂದ್ರೆ ಹೆಂಗಸಾಗಿರ್ಲೇಬೇಕು. ಹೆಂಗಸು ಅಂದ ತಕ್ಷಣ ಜೀರೋ ಟಿಕೆಟೇ ಇರ್ಬೇಕು ಅಂತ ಯಾರು ಹೇಳಿದ್ರು?’

ನಾನು ಒಂದು ವಾರ ಕೆಂಪು ಪೆನ್ನಿನಲ್ಲಿ ಬರೆದು ಬರೆದು ಕಲಿಯದೇ ಇದ್ದದ್ದನ್ನು ಅಪ್ಪ ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಹೇಳಿ ಮುಗಿಸಿದರು.

ವಾರ 4

ಬೆಂಗಳೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ಅಪ್ಪನ ಆ ಒಂದು ವಾಕ್ಯವೇ ತಲೆಯಲ್ಲಿ ಸುತ್ತುತ್ತಿತ್ತು. ‘ಐತೆ ಅಂದ್ರೆ, ಆಗಿರ್ಲೇಬೇಕು.’ ಅವರು ‘ಇದ್ರೆ’ ಅನ್ನಲಿಲ್ಲ. ‘ಅಂದ್ರೆ’ ಅಂದರು.

ನನ್ನ ಕಷ್ಟ ಇದ್ದದ್ದೇ ಅಲ್ಲಿ. ‘ಚಂದ್ರು ಬರುವುದು ದೀಪಾ ಬಂದರೆ ಮಾತ್ರ’ ಅಂತಿದ್ದರೆ ಹಾಳೆಯ ಪ್ರಕಾರ ಬಾಣ ಚಂದ್ರುವಿನಿಂದ ದೀಪಾ ಕಡೆಗೆ. ನಾನು ಬಾಣವನ್ನು ‘ಬಂದ್ರೆ’ ಅಂತ ಓದುತ್ತಿದ್ದೆ. ಚಂದ್ರು ಬಂದ್ರೆ ದೀಪಾ ಬರ್ತಾಳೆ. ಮನಸ್ಸು ಒಪ್ಪುತ್ತಿರಲಿಲ್ಲ. ದೀಪಾ ಮೊದಲು ಬರಬೇಕು ತಾನೆ, ಚಂದ್ರು ಆಮೇಲೆ ತಾನೆ? ಹಾಗಂತ ಬಾಣ ತಿರುಗಿಸಿಬಿಡುತ್ತಿದ್ದೆ. ‘ಬಂದ್ರೆ’ ಅಂದ ಕೂಡಲೇ ಮೊದಲು, ಆಮೇಲೆ, ಇದರಿಂದ ಅದು ಅನ್ನುವುದೆಲ್ಲ ನುಗ್ಗುತ್ತದೆ. ಬಾಣಕ್ಕೆ ಅದರ ಯಾವುದರ ಗೊಡವೆಯೂ ಇಲ್ಲ.

ಈಗ ಹೀಗೆ ಓದಿ: ಚಂದ್ರು ಬಂದಿದ್ದಾನೆ ಅಂದ್ರೆ ದೀಪಾ ಬಂದಿರಲೇಬೇಕು. ಜಗಳವೇ ಇಲ್ಲ. ಬಾಗಿಲಲ್ಲಿ ಚಪ್ಪಲಿ ನೋಡಿ ಒಳಗೆ ಯಾರಿದ್ದಾರೆ ಅಂತ ಹೇಳುವ ಹಾಗೆ. ಯಾರು ಯಾರಿಂದ ಬಂದರು ಅನ್ನುವುದು ಬೇಡ, ಇದು ಕಂಡರೆ ಅದು ಇದ್ದೇ ಇದೆ, ಅಷ್ಟೇ.

‘ಅನ್‌ಲೆಸ್’ ಕೂಡ ಇದೇ ಅಚ್ಚಿಗೆ ಬಿತ್ತು. ‘ಅನಿತಾ ಬಂದ ಹೊರತು ಈರಣ್ಣ ಬರುವುದಿಲ್ಲ’ ಅಂದರೆ: ಈರಣ್ಣ ಬಂದಿದ್ದಾನೆ ಅಂದ್ರೆ ಅನಿತಾ ಬಂದಿರಲೇಬೇಕು. ಇಂಗ್ಲಿಷಿನಲ್ಲಿ ‘ಅನಿತಾ ಬರದ ಪಕ್ಷದಲ್ಲಿ ಈರಣ್ಣ ಬರುತ್ತಾನೆ’ ಅನ್ನುವುದಕ್ಕೂ ಅದೇ ‘ಅನ್‌ಲೆಸ್’ ಹಾಕುತ್ತಾರೆ. ಆಗ: ಅನಿತಾ ಬಂದಿಲ್ಲ ಅಂದ್ರೆ ಈರಣ್ಣ ಬಂದಿರಲೇಬೇಕು. ಒಂದು ಸಲ ಕನ್ನಡಕ್ಕೆ ತಂದುಕೊಂಡರೆ ಎರಡೂ ಬೇರೆ ಅಂತ ಕಿವಿಗೇ ಗೊತ್ತಾಗುತ್ತದೆ.

ನೋಟ್‌ಬುಕ್‌ನಲ್ಲಿ ಬಾಣ ಬರೆಯುವುದನ್ನೇ ಬಿಟ್ಟೆ. ‘ಅಂ’ ಅಂತ ಬರೆಯುತ್ತೇನೆ. ‘ಚ ಅಂ ದ.’

ವಾರ 5

ಸಿಕ್ಕಿದ ಸೆಟ್‌ಗಳೆಲ್ಲ ಮುಗಿದವು. ಹಾಗಾಗಿ ನಾನೇ ಒಂದು ಕಟ್ಟಿದೆ. ಐದು ಜನ, ನಾಲ್ಕು ನಿಯಮ.

ಅನಿತಾ ಬಂದರೆ ಬಸವನೂ ಬರಬೇಕು. ಚಂದ್ರು ಬರುವುದು ದೀಪಾ ಬಂದರೆ ಮಾತ್ರ. ಬಸವ, ದೀಪಾ ಇಬ್ಬರೂ ಒಟ್ಟಿಗೆ ಬರುವುದಿಲ್ಲ (ಯಾಕೆ ಅಂತ ಕೇಳಬೇಡಿ). ಅನಿತಾ ಬರದಿದ್ದರೆ ಈರಣ್ಣ ಬರುತ್ತಾನೆ.

ಮೊದಲ ಮೂರು ನಿಯಮ ತಾವಾಗಿಯೇ ಕೊಂಡಿ ಹಾಕಿಕೊಳ್ಳುತ್ತವೆ. ಅನಿತಾ ಇದ್ದಾಳೆ ಅಂದ್ರೆ ಬಸವ ಇದ್ದಾನೆ, ಬಸವ ಇದ್ದಾನೆ ಅಂದ್ರೆ ದೀಪಾ ಇಲ್ಲ, ದೀಪಾ ಇಲ್ಲ ಅಂದ್ರೆ ಚಂದ್ರು ಇಲ್ಲ. ಈಗ ಬಾಲದಿಂದ ಹಿಡಿದು ಪ್ರತಿಯೊಂದನ್ನೂ ಉಲ್ಟಾ ಮಾಡಿ: ಚಂದ್ರು ಇದ್ದಾನೆ ಅಂದ್ರೆ ದೀಪಾ ಇದ್ದಾಳೆ, ಬಸವ ಇಲ್ಲ, ಅನಿತಾ ಇಲ್ಲ. ಅನಿತಾ ಇಲ್ಲ ಅಂದ್ರೆ ಈರಣ್ಣ ಇದ್ದಾನೆ. ಚಂದ್ರುವಿಗೂ ಈರಣ್ಣನಿಗೂ ಯಾವ ನಿಯಮದಲ್ಲೂ ನೇರ ಸಂಬಂಧ ಇಲ್ಲ. ಆದರೂ ಚಂದ್ರು ಬಂದ ಅಂದ್ರೆ ಈರಣ್ಣ ಬಂದೇ ಬಂದ. ಕ್ಯಾಟ್ ಕೇಳುವುದು ಇಂಥದ್ದನ್ನೇ.

ಈರಣ್ಣ ಬಂದಿದ್ದಾನೆ, ಅನಿತಾ ಬಂದಿಲ್ಲ ಅಂತ ಹೇಳಬಹುದಾ? ಇಲ್ಲ! ಇಬ್ಬರೂ ಬರಬಹುದು. ಜೀರೋ ಟಿಕೆಟ್ ಕಥೆಯೇ. ನನ್ನದೇ ಸೆಟ್‌ನಲ್ಲಿ ಮೊದಲ ಸಲ ನಾನೇ ಇಲ್ಲಿ ಜಾರಿದೆ. ‘ಬರದಿದ್ದರೆ’ ಅನ್ನುವುದನ್ನು ‘ಒಂದೋ ಇವಳು, ಇಲ್ಲಾ ಅವನು’ ಅಂತ ಓದಿದ್ದೆ. ಹೋಟೆಲಿನಲ್ಲಿ ‘ಕಾಫಿನಾ ಟೀನಾ’ ಅಂದರೆ ಎರಡೂ ಅಂತ ಯಾರೂ ಅನ್ನುವುದಿಲ್ಲ. ಪರೀಕ್ಷೆಯಲ್ಲಿ ಅನ್ನಬಹುದು.

ಐದು ಜನರನ್ನು ಸೇರಿಸಿ ಬಿಡುವ ದಾರಿ ಒಟ್ಟು 32. ನಿಯಮಗಳೆಲ್ಲ ದಾಟಿ ಉಳಿಯುವುದು ಆರೇ. ಯಾವ ಆರು ಅಂತ ಬರೆದು ನೋಡಿ, ನಾನು ಹೇಳುವುದಿಲ್ಲ. ಈರಣ್ಣ ಬರದೇ ಇರುವುದು ಅದರಲ್ಲಿ ಒಂದರಲ್ಲಿ ಮಾತ್ರ.

ವಾರ 6

ಆಫೀಸಿನಲ್ಲಿ ರಿಲೀಸ್. ಮೂರು ದಿನ ಮನೆಗೆ ಹೋದದ್ದೇ ರಾತ್ರಿ 11ಕ್ಕೆ. ಓದಿದ್ದು ಕಡಿಮೆ.

ಒಂದು ಭಾನುವಾರ ಮಾತ್ರ ಎಲ್‌ಸ್ಯಾಟ್‌ನ ಹಳೇ ‘ಲಾಜಿಕ್ ಗೇಮ್’ಗಳನ್ನು ಹಿಡಿದು ಕೂತೆ. ಅದು ಅಮೆರಿಕದ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ. ಚಿತ್ರ ಬರೆದುಕೊಂಡು ಬಿಡಿಸುವ ಇಂಥ ಪ್ರಶ್ನೆಗಳು ಕಣ್ಣು ಕಾಣದವರಿಗೆ ಅನ್ಯಾಯ ಅಂತ ಅಲ್ಲಿ ಕೇಸು ನಡೆದು 2019ರಲ್ಲಿ ರಾಜಿಯಾಗಿತ್ತು. 2024ರ ಆಗಸ್ಟ್‌ನಿಂದ ಆ ವಿಭಾಗವನ್ನೇ ತೆಗೆದಿದ್ದಾರೆ. ಅವರು ಬಿಟ್ಟ ಒಗಟುಗಳು ನನಗೆ ಒಳ್ಳೇ ಮೇವು. ಕ್ಯಾಟ್‌ನಷ್ಟು ಲೆಕ್ಕ ಇರುವುದಿಲ್ಲ, ಬರೀ ನಿಯಮ. ಏಳೆಂಟು ನಿಮಿಷಕ್ಕೆ ಒಂದು ಅಂತ ಹಾಕಿಕೊಂಡೆ. ಮೊದಲನೆಯದಕ್ಕೆ 19 ನಿಮಿಷ. ಸಂಜೆಯ ಹೊತ್ತಿಗೆ 10ಕ್ಕೆ ಬಂತು. ಇನ್ನೂ ಇಳಿಯಬೇಕು.

ವಾರ 7

ಐದನೇ ಮಾಕ್. ಲಾಜಿಕ್ ವಿಭಾಗದಲ್ಲಿ ಮೊದಲ ಆರು ನಿಮಿಷ ಯಾವುದನ್ನೂ ಬಿಡಿಸಲಿಲ್ಲ, ಐದೂ ಸೆಟ್ ಓದಿದೆ. ನಿಯಮಗಳ ಸೆಟ್ ಎರಡಿದ್ದವು. ಎರಡೂ ಪೂರ್ತಿ ಸರಿ. ಮೂರನೆಯದು ಟೇಬಲ್ ತುಂಬುವ ಸೆಟ್, ಅರ್ಧ ಆಯಿತು. ಇನ್ನೆರಡನ್ನು ಮುಟ್ಟಲಿಲ್ಲ.

ತಪ್ಪುಗಳ ಪುಸ್ತಕದಲ್ಲಿ ಈ ವಾರ ‘ಓನ್ಲಿ ಇಫ್’ ಪುಟಕ್ಕೆ ಒಂದೂ ಸಾಲು ಸೇರಿಲ್ಲ. ‘ಅನ್‌ಲೆಸ್’ಗೆ ಒಂದು. ಹೊಸದಾಗಿ ಒಂದು ಪುಟ ತೆರೆಯಬೇಕಾಗಿ ಬಂದಿದೆ: ಟೇಬಲ್‌ನಲ್ಲಿ ಕೂಡುವ ತಪ್ಪು. 17ಕ್ಕೆ 8 ಸೇರಿಸಿ 24 ಅಂತ ಬರೆದಿದ್ದೇನೆ. ಅದನ್ನು ಕನ್ನಡದಲ್ಲಿ ಓದಿದರೂ ಅಷ್ಟೇ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎರಡು ಸೆಟ್ ಪೂರ್ತಿ ಸರಿ ಬಂತು ಅಂದೆ. ಅವರು ಕೇಳಿದ್ದು ಇಷ್ಟೇ: ‘ಆ ಈರಣ್ಣ ಬಂದ್ನಾ?’